ಕರೆಂಟ್ ತಗದ್ರೂ ಸ್ಪ್ರಿಂಗ್ ಸ್ಪೂಲನ್ನ ವಾಪಸ್ ತರವಲ್ದು: 40 ಟನ್ ಪ್ರೆಸ್, 4/2 ಸೊಲೆನಾಯ್ಡ್ ವಾಲ್ವ್

ಉದ್ಯಮಬಾಗ್_ರಬ್ಬರ್ (ಬೆಳಗಾವಿ):

ನಮಸ್ಕಾರ್ರೀ ಎಲ್ಲಾರಿಗೂ. ರಬ್ಬರ್ ಮೋಲ್ಡಿಂಗ್ ಪ್ರೆಸ್, ನಾಲ್ಕು ಪಿಲ್ಲರಿಂದು, ಮ್ಯಾಲಿಂದ ಕೆಳಗ ಒತ್ತೋದು. ಸಿಲಿಂಡರ್ ಬೋರ್ 160, ರಾಡ್ 110, ಸ್ಟ್ರೋಕ್ 500 ಮಿ.ಮೀ. ಪಂಪ್ ನಿಮಿಷಕ್ಕ 40 ಲೀಟರ್, ಮೋಟರ್ 20 ಎಚ್‌ಪಿ, ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ದಾಟಿದ್ರ ಎಣ್ಣಿ ಟ್ಯಾಂಕಿಗೆ ಬಿಡೋದು) 200 ಬಾರ್‌ಗೆ ಸೆಟ್ ಐತಿ. ಟ್ಯಾಂಕಿನ್ಯಾಗ 200 ಲೀಟರ್ 68 ನಂಬರ್ ಎಣ್ಣಿ.

ವಾಲ್ವ್ ಎನ್‌ಜಿ 6 ಸೈಜಿನ 4/2, ಅಂದ್ರ ನಾಲ್ಕು ಬಾಯಿ (ಪಿ ಪಂಪಿಗೆ, ಟಿ ಟ್ಯಾಂಕಿಗೆ, ಎ ಸಿಲಿಂಡರಿನ ಮ್ಯಾಲಿನ ಕಡೆಗೆ, ಬಿ ರಾಡ್ ಕಡೆಗೆ), ಒಳಗ ಸರಿದಾಡೋ ಸ್ಪೂಲಿಗೆ ಎರಡು ಸ್ಥಾನ. ಒಂದು ಕಡೆ 24 ವೋಲ್ಟ್ ಡಿಸಿ ಕಾಯಿಲ್, ಇನ್ನೊಂದು ಕಡೆ ಸ್ಪ್ರಿಂಗ್. ಕರೆಂಟ್ ಕೊಟ್ರ ಪಿ-ಎ ಕೂಡಿ ರಾಮ್ (ಒತ್ತೋ ರಾಡ್) ಕೆಳಗ ಬರ್ತೈತಿ, ತಗದ್ರ ಸ್ಪ್ರಿಂಗ್ ಸ್ಪೂಲನ್ನ ದೂಡಿ ಪಿ-ಬಿ ಕೂಡಿ ಮ್ಯಾಲ ಹೋಗಬೇಕು. ಕ್ಯೂರಿಂಗ್ (ಮೋಲ್ಡಿನ್ಯಾಗ ರಬ್ಬರ್ ಬೇಯೋ) ಟೈಮ್ 10 ನಿಮಿಷ, ಅಷ್ಟೂ ಹೊತ್ತು ಕಾಯಿಲ್ ಆನ್ ಇರ್ತೈತಿ.

ತ್ರಾಸು ಎರಡು ಅದಾವ. ಒಂದು: ಕ್ಯೂರಿಂಗ್ ಮುಗದು ಕಾಯಿಲ್ ಆಫ್ ಆದ ಮ್ಯಾಲೂ ಕೆಲವೊಮ್ಮೆ ರಾಮ್ ಹಂಗ ಒತ್ತಿಕೊಂಡ ನಿಂದರ್ತೈತಿ. ವಾಲ್ವ್ ಬಾಡಿಗೆ ಸ್ಪ್ಯಾನರ್‌ಲೆ ತಟ್ಟಿದ್ರ "ಢಬ್" ಅಂತ ಸಪ್ಪಳ ಆಗಿ ಮ್ಯಾಲ ಹೋಗ್ತೈತಿ. ಎರಡು: ಕ್ಯೂರಿಂಗ್ ನಡುವ ಕರೆಂಟ್ ಹೋತಂದ್ರ ಪ್ರೆಶರ್ ಪೂರಾ ಇಳೀತೈತಿ, ಮಾಲಿನ್ಯಾಗ ಗುಳ್ಳಿ ಬಂದು ಸ್ಕ್ರ್ಯಾಪ್.

ಸ್ಪ್ರಿಂಗ್ ಸವದೈತಿ ಅಂತ ಹೇಳಿ ಗಟ್ಟಿ ಸ್ಪ್ರಿಂಗ್ ಹಾಕಾಕ ಹೇಳಾಕತ್ಯಾರ. ಹಾಕಬೇಕೋ, ಬ್ಯಾಡೋ?

ಸ್ಪೂಲ್_ಮಚ್ಛೆ:

ಗಟ್ಟಿ ಸ್ಪ್ರಿಂಗ್ ಹಾಕಬೇಡಿ. ಕಾಯಿಲು ಸ್ಪೂಲನ್ನು ತಳ್ಳುವುದೇ ಆ ಸ್ಪ್ರಿಂಗಿನ ವಿರುದ್ಧ. 24 ವೋಲ್ಟ್, 30 ವ್ಯಾಟ್ ಕಾಯಿಲ್ ಅಂದರೆ ತಣ್ಣಗಿದ್ದಾಗ ಸುಮಾರು 19 ಓಮ್, 1.25 ಆಂಪಿಯರ್. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಶೇ. 0.39 ಏರುತ್ತದೆ. ಕಾಯಿಲ್ 20ರಿಂದ 100 ಡಿಗ್ರಿಗೆ ಬಂದರೆ ಕರೆಂಟು ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ, ಎಳೆಯುವ ಬಲ ಹೆಚ್ಚುಕಡಿಮೆ ಅದರ ವರ್ಗಕ್ಕೆ ತಕ್ಕಂತೆ, ಅಂದರೆ ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಬಂದು ನಿಲ್ಲುತ್ತದೆ. ಕಂಪನಿಯವರು ಸ್ಪ್ರಿಂಗ್ ಆರಿಸುವುದು ಈ ಬಿಸಿ ಕಾಯಿಲ್, ಶೇ. 10 ಕಡಿಮೆ ವೋಲ್ಟೇಜ್ ಎರಡನ್ನೂ ಲೆಕ್ಕಕ್ಕೆ ಹಿಡಿದು. ನೀವು ಗಟ್ಟಿ ಸ್ಪ್ರಿಂಗ್ ಹಾಕಿದರೆ ಬೆಳಿಗ್ಗೆ ನಡೆಯುತ್ತದೆ, ಮಧ್ಯಾಹ್ನ ಸ್ಪೂಲು ಅರ್ಧಕ್ಕೇ ನಿಲ್ಲುತ್ತದೆ. ನಿಮ್ಮದು ಡಿಸಿ ಆದ್ದರಿಂದ ಕಾಯಿಲ್ ಉಳಿಯಬಹುದು. ಎಸಿ ಕಾಯಿಲ್ ಆಗಿದ್ದರೆ ಆರ್ಮೇಚರ್ (ಕಾಯಿಲ್ ಎಳೆಯುವ ಕಬ್ಬಿಣದ ತುಂಡು) ಕೊನೆ ಮುಟ್ಟದೆ, ಶುರುವಿನ ಹೆಚ್ಚು ಕರೆಂಟನ್ನೇ ಎಳೆಯುತ್ತ ಸುಟ್ಟುಹೋಗುತ್ತಿತ್ತು.

ಅದೂ ಅಲ್ಲದೆ ಸ್ಪ್ರಿಂಗ್ "ಸವೆಯುವುದು" ತೀರಾ ಅಪರೂಪ. ಅದು ಮುರಿಯುತ್ತದೆ. ಎಣ್ಣೆಯಲ್ಲಿ ನೀರಿದ್ದು ತಂತಿಯ ಮೇಲೆ ತುಕ್ಕಿನ ಚುಕ್ಕಿ ಬಿದ್ದರೆ ಅಲ್ಲಿಂದಲೇ ಬಿರುಕು ಶುರು. ಬಿಚ್ಚಿ ಹೊಸದರ ಪಕ್ಕ ನಿಲ್ಲಿಸಿ ಉದ್ದ ನೋಡಿ. ಉದ್ದ ಸರಿಯಿದ್ದು, ವಾಲದೆ ನೆಟ್ಟಗೆ ನಿಂತರೆ ಅದರ ತಪ್ಪಿಲ್ಲ.

ಹೊತ್ತು ಪ್ರೆಶರ್ ಹಿಡಿದ ಮೇಲೆ ಅಂಟುವುದು, ತಟ್ಟಿದರೆ ಬಿಡುವುದು: ಇದು ಕಸ ಕಚ್ಚಿದ ಲಕ್ಷಣ. ಎನ್‌ಜಿ 6 ಸ್ಪೂಲಿಗೂ ಬೋರಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. 200 ಬಾರ್‌ನಲ್ಲಿ ಸ್ಪೂಲು ಕದಲದೆ ನಿಂತಾಗ ಆ ಸಂದಿನಿಂದ ಎಣ್ಣೆ ಟಿ ಕಡೆಗೆ ಜಿನುಗುತ್ತಲೇ ಇರುತ್ತದೆ. ಸಂದಿಗಿಂತ ಸಣ್ಣ ಕಣಗಳು ದಾಟುತ್ತವೆ, ಸಂದಿನಷ್ಟೇ ಗಾತ್ರದವು ಅಲ್ಲೇ ಸಿಕ್ಕಿಕೊಂಡು ಸಾಲುಗಟ್ಟುತ್ತವೆ. ಹೊತ್ತು ಹೆಚ್ಚಾದಷ್ಟೂ ಬಿಗಿ ಹೆಚ್ಚು. ಸ್ಪ್ರಿಂಗಿಗೆ ಆ ಬಿಗಿ ಬಿಡಿಸುವ ಶಕ್ತಿ ಇಲ್ಲ, ಸ್ಪ್ಯಾನರ್ ಏಟಿಗೆ ಇದೆ.

ಬಿಚ್ಚುವ ಮೊದಲು ಈ ಕ್ರಮದಲ್ಲಿ ನೋಡಿ. ಮೋಲ್ಡಿನ ಸುತ್ತ ಯಾರ ಕೈಯೂ ಇರಬಾರದು, ರಾಮ್ ಯಾವಾಗ ಬೇಕಾದರೂ ಹೊರಡುತ್ತದೆ. ಅಂಟಿಕೊಂಡಾಗ ಕಾಯಿಲಿನ ಪ್ಲಗ್ಗನ್ನೇ ಕಿತ್ತುಬಿಡಿ. ಆಗ ಹೊರಟರೆ ದೋಷ ವಯರಿಂಗಿನಲ್ಲಿ. ಹೊರಡದಿದ್ದರೆ ಕಾಯಿಲ್ ಟ್ಯೂಬಿನ ತುದಿಯ, ಸ್ಪೂಲನ್ನು ಕೈಯಿಂದ ತಳ್ಳುವ ಪಿನ್ ಒತ್ತಿ ನೋಡಿ, ಸುತ್ತಿಗೆ ಬೇಡ. ಆಮೇಲೆ ರಿಲೀಫ್ 60 ಬಾರ್‌ಗೆ ಇಳಿಸಿ ಅಷ್ಟೇ ಹೊತ್ತು ಹಿಡಿದು, ಮತ್ತೆ ನೋಡಿ. ಕೊನೆಗೆ ವಾಲ್ವಿನ ನಾಲ್ಕು ಎಂ5 ಬೋಲ್ಟ್ ಸಡಿಲಿಸಿ ಟಾರ್ಕ್ ರೆಂಚಿನಿಂದ 7ರಿಂದ 9 ನ್ಯೂಟನ್ ಮೀಟರ್‌ಗೆ ಅಡ್ಡಡ್ಡ ಬಿಗಿಯಿರಿ. ಬಿಗಿಯುವ ಮೊದಲು ಮೋಟರ್ ಬಂದ್, ಗೇಜ್ ಸೊನ್ನೆ. ಅಲನ್ ಕೀಗೆ ಪೈಪ್ ಹಾಕಿ ಜಗ್ಗಿದ್ದರೆ ಬಾಡಿ ಸೊಟ್ಟಗಾಗಿ ಬೋರ್ ಸ್ಪೂಲನ್ನು ಹಿಡಿಯುತ್ತದೆ. ಸಬ್‌ಪ್ಲೇಟ್ (ವಾಲ್ವ್ ಕೂರುವ ತಟ್ಟೆ) ಸಮತಟ್ಟಿಲ್ಲದಿದ್ದರೂ ಅದೇ ಗತಿ. 100 ಮಿ.ಮೀ.ಗೆ 0.01 ಮಿ.ಮೀ. ಒಳಗಿರಬೇಕು.

ವಿಜಯಪುರ_ಪ್ಯಾನೆಲ್:

ಪ್ಲಗ್ ಕಿತ್ತು ನೋಡುವ ಮೊದಲು ಮೀಟರಿನಿಂದಲೂ ನೋಡಿ, ಆಫ್ ಆದಾಗ ಕಾಯಿಲಿಗೆ ನಿಜವಾಗಿಯೂ ಸೊನ್ನೆ ವೋಲ್ಟ್ ಇದೆಯೇ? ಪಿಎಲ್‌ಸಿ (ಮಷಿನ್ ನಡೆಸುವ ಕಂಟ್ರೋಲರ್) ಔಟ್‌ಪುಟ್ಟಿನ ಸಾಲಿಡ್ ಸ್ಟೇಟ್ ರಿಲೇ ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿ, ಆನ್ ಆಗಿಯೇ ಉಳಿಯುತ್ತದೆ. ಆರ್ಮೇಚರ್ ಹಿಡಿದಿಡಲು, ಮೊದಲು ಎಳೆಯಲು ಬೇಕಾದಷ್ಟು ಕರೆಂಟ್ ಬೇಕಿಲ್ಲ.

ಕಾಯಿಲಿಗೆ ಅಡ್ಡಲಾಗಿ ಡಯೋಡ್ ಹಾಕಿದ್ದರೆ ಬಿಡುವ ಸಮಯ ಕೆಲವು ಪಟ್ಟು ಹೆಚ್ಚುತ್ತದೆ. ಆದರೆ ಅದು ಮಿಲಿಸೆಕೆಂಡುಗಳ ಮಾತು, ನಿಮ್ಮದು ಹಾಗೆ ಕಾಣುವುದಿಲ್ಲ. ಇನ್ನೊಂದು: ಆರ್ಮೇಚರಿನ ತುದಿಯಲ್ಲಿ ತೆಳುವಾದ, ಅಯಸ್ಕಾಂತಕ್ಕೆ ಅಂಟದ ವಾಷರ್ ಇರುತ್ತದೆ. ಅದು ಸವೆದಿದ್ದರೆ ಅಥವಾ ಬಿಚ್ಚಿದಾಗ ಕಳೆದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಕೂತು, ಉಳಿದ ಕಾಂತತ್ವಕ್ಕೇ ಅಂಟಿಕೊಳ್ಳುತ್ತದೆ. ಆಗ ಪ್ರೆಶರ್ ಎಷ್ಟಿದ್ದರೂ ಅಂಟುತ್ತದೆ, 60 ಬಾರ್‌ನಲ್ಲೂ. ಅದರಿಂದಲೇ ಗುರುತು ಸಿಗುತ್ತದೆ.

ಉದ್ಯಮಬಾಗ್_ರಬ್ಬರ್:

ನೋಡಿದ್ವಿರೀ. ಆಫ್ ಆದಾಗ ಸೊನ್ನೆ ವೋಲ್ಟ್. ಪ್ಲಗ್ ಕಿತ್ರೂ ಹೊಂಡವಲ್ದು. 60 ಬಾರ್‌ನ್ಯಾಗ ಪಿನ್ ಬೆಟ್ಟಲೆ ಒತ್ತಿದ್ರ ಸಲೀಸ ಹೋಗ್ತೈತಿ. 190ರಾಗ, ಆಗಷ್ಟ ಆನ್ ಮಾಡಿದ್ರ ವಾಪಸ್ ಬರ್ತೈತಿ, 10 ನಿಮಿಷ ಹಿಡದ ಮ್ಯಾಲ ಬರಂಗಿಲ್ಲ. ಬೋಲ್ಟ್ ಟಾರ್ಕ್ ಸರಿ ಮಾಡಿದ ಮ್ಯಾಲ ಸ್ವಲ್ಪ ಸುಧಾರಿಸೈತಿ, ಪೂರ್ತಿ ಹೋಗಿಲ್ಲ. ಎಣ್ಣಿ ಬಣ್ಣ ಕಪ್ಪಿಗೆ ತಿರಗೈತಿ, ಟ್ಯಾಂಕಿನ ಥರ್ಮಾಮೀಟರ್ 68 ಡಿಗ್ರಿ ತೋರಸ್ತೈತಿ. ರಿಟರ್ನ್ ಫಿಲ್ಟರಿನ ಇಂಡಿಕೇಟರ್ ಕೆಂಪಿನ್ಯಾಗ ಐತಿ. ಫಿಲ್ಟರ್ ನಿಮಿಷಕ್ಕ 40 ಲೀಟರಿಂದು.

ಸ್ಪೂಲ್_ಮಚ್ಛೆ:

ಹಾಗಾದರೆ ರೋಗ ಸ್ಪೂಲಿನಲ್ಲಿ ಕಾಣಿಸಿಕೊಂಡಿದೆ, ಹುಟ್ಟಿದ್ದು ಸರ್ಕ್ಯೂಟಿನಲ್ಲಿ. ಲೆಕ್ಕ ಹಾಕಿ ನೋಡಿ.

10 ನಿಮಿಷ ಹಿಡಿಯುವಾಗ ರಾಮ್ ಕದಲುವುದಿಲ್ಲ, ಪಂಪಿನ 40 ಲೀಟರೂ 200 ಬಾರ್‌ನಲ್ಲಿ ರಿಲೀಫ್ ದಾಟಿ ಟ್ಯಾಂಕಿಗೆ ಬೀಳುತ್ತದೆ. 40 × 200 ÷ 600, ಅಂದರೆ 13 ಕಿಲೋವ್ಯಾಟ್ ಪೂರ್ತಿ ಬಿಸಿಯಾಗಿ ಎಣ್ಣೆಗೆ ಸೇರುತ್ತದೆ. ತಣಿಯುವುದನ್ನು ಬಿಟ್ಟು ಲೆಕ್ಕ ಹಾಕಿದರೆ 200 ಲೀಟರ್ ಎಣ್ಣೆ ಒಂದೇ ಕ್ಯೂರಿಂಗಿನಲ್ಲಿ 24 ಡಿಗ್ರಿ ಏರಬೇಕು. 60 ದಾಟಿದ ಮೇಲೆ ಎಣ್ಣೆ ಬೇಗ ಹಳಸುತ್ತದೆ, ಸ್ಪೂಲಿನ ಮೇಲೆ ಕಂದು ಅಂಟು ಕೂರುತ್ತದೆ. ಕಸಕ್ಕೆ ಅದು ಗೋಂದು ಇದ್ದ ಹಾಗೆ. ಕರೆಂಟ್ ಬಿಲ್ಲಿನ ಮಾತು ಬೇರೆ.

ಫಿಲ್ಟರ್ ಸಹ ಚಿಕ್ಕದು. ಬೋರಿನ ಕ್ಷೇತ್ರ 201 ಚದರ ಸೆಂ.ಮೀ., ರಾಡ್ ಕಡೆ ಉಳಿಯುವುದು 106. ಅನುಪಾತ 1.9. ರಾಮ್ ಮೇಲೆ ಹೋಗುವಾಗ ಪಂಪು 40 ಲೀಟರ್ ಕೊಟ್ಟರೆ ಮೇಲಿನ ಕಡೆಯಿಂದ 76 ಲೀಟರ್ ವಾಪಸ್ ಬರುತ್ತದೆ. ಪಂಪಿನ ಅಳತೆಗೆ ಫಿಲ್ಟರ್ ತಂದರೆ ಪ್ರತಿ ಸಲವೂ ಅದರ ಬೈಪಾಸ್ ತೆರೆದು ಕಸ ಸೋಸದೆ ಟ್ಯಾಂಕಿಗೆ ಹೋಗುತ್ತದೆ. ಇದನ್ನು ಎಷ್ಟೋ ಪವರ್‌ಪ್ಯಾಕುಗಳಲ್ಲಿ ನೋಡಬಹುದು, ಕಾರಣ ಕೊಟೇಶನ್ನಿನಲ್ಲಿ ಪಂಪಿನ ಸಂಖ್ಯೆ ಒಂದೇ ಬರೆದಿರುತ್ತದೆ. ಕನಿಷ್ಠ 100 ಲೀಟರಿನ, 10 ಮೈಕ್ರಾನಿನ ಎಲಿಮೆಂಟ್ ಹಾಕಿ.

ಅದೇ 76 ಲೀಟರ್ ಈ ಎನ್‌ಜಿ 6 ವಾಲ್ವಿನಲ್ಲೂ ಹಾದುಹೋಗಬೇಕು. ಎಣ್ಣೆ ಜೋರಾಗಿ ಹರಿಯುವಾಗ ಸ್ಪೂಲಿನ ಅಂಚಿನಲ್ಲಿ ಹುಟ್ಟುವ ಬಲ, ತೆರೆದ ಬಾಯನ್ನು ಮುಚ್ಚುವ ಕಡೆಗೇ ತಳ್ಳುತ್ತದೆ. ವಾಪಸ್ ಬರುವಾಗ ಅದರ ವಿರುದ್ಧ ಇರುವುದು ಸ್ಪ್ರಿಂಗ್ ಮಾತ್ರ. ಕ್ಯಾಟಲಾಗಿನಲ್ಲಿ "ಗರಿಷ್ಠ 80 ಲೀಟರ್" ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಒಳಗಿನ ಪುಟದಲ್ಲಿ ಸ್ಪೂಲಿನ ನಮೂನೆಗೆ ತಕ್ಕಂತೆ ಪ್ರೆಶರ್-ಫ್ಲೋ ಮಿತಿಯ ಗ್ರಾಫ್ ಇರುತ್ತದೆ, ಪ್ರೆಶರ್ ಏರಿದಂತೆ ಆ ಗೆರೆ ಇಳಿಯುತ್ತದೆ. ಓದಬೇಕಾದದ್ದು ಆ ಗ್ರಾಫ್.

ಆ "ಢಬ್" ಸಪ್ಪಳದ ಲೆಕ್ಕವೂ ಇದೆ. ಕೆಳಗೆ ಬಂದಾಗ ಸಿಲಿಂಡರಿನ ಮೇಲ್ಭಾಗದಲ್ಲಿ 10 ಲೀಟರ್ ಎಣ್ಣೆ. 200 ಬಾರ್‌ಗೆ ಅದು ಸುಮಾರು 140 ಸಿಸಿ ಕುಗ್ಗಿರುತ್ತದೆ. ವಾಲ್ವ್ 30 ಮಿಲಿಸೆಕೆಂಡಿನಲ್ಲಿ ತೆರೆದು ಅಷ್ಟೂ ಹೊರಬಿದ್ದರೆ, ಆ ಕ್ಷಣಕ್ಕೆ ನಿಮಿಷಕ್ಕೆ 280 ಲೀಟರಿನ ವೇಗ. ಟಿ ಲೈನ್, ಫಿಲ್ಟರ್ ಎಲಿಮೆಂಟ್, ಕಾಯಿಲಿನ ಟ್ಯೂಬ್ ಎಲ್ಲವೂ ಆ ಏಟು ತಿನ್ನುತ್ತವೆ.

ಸದ್ಯಕ್ಕೆ: ಎಣ್ಣೆ ಪೂರ್ತಿ ಖಾಲಿ ಮಾಡಿ, ಟ್ಯಾಂಕಿನ ತಳ ಒರೆಸಿ. ಬಟ್ಟೆಯ ವೇಸ್ಟ್ ಬೇಡ, ಎಳೆ ಬಿಡದ ಬಟ್ಟೆ ಬೇಕು. ಹೊಸ ಬ್ಯಾರೆಲ್ಲಿನ ಎಣ್ಣೆ ಶುದ್ಧ ಎಂದುಕೊಳ್ಳಬೇಡಿ, ಫಿಲ್ಟರ್ ಟ್ರಾಲಿಯ ಮೂಲಕವೇ ತುಂಬಿ. ಐಎಸ್‌ಒ 4406 (ಎಣ್ಣೆಯಲ್ಲಿನ ಕಣ ಎಣಿಸುವ ಮಾಪನ) ಪ್ರಕಾರ 19/17/14ರ ಆಸುಪಾಸು ಬಂದರೆ ಈ ವಾಲ್ವಿಗೆ ನೆಮ್ಮದಿ. ಆ ಸಂಖ್ಯೆ ಒಂದು ಏರಿದರೆ ಕಣ ದುಪ್ಪಟ್ಟು.

ಸ್ಪೂಲ್ ಬಿಚ್ಚಿದರೆ ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದು ಗಾಳಿ ಹೊಡೆಯಿರಿ. ಎಮರಿ ಪೇಪರ್ ಮುಟ್ಟಿಸಬೇಡಿ, ಅಂಚಿನ ಚೂಪು ಹೋದರೆ ಲೀಕ್ ಹೆಚ್ಚುತ್ತದೆ. ಬೇರೆ ವಾಲ್ವಿನ ಸ್ಪೂಲ್ ಇದಕ್ಕೆ ಹಾಕಬೇಡಿ, ಒಂದೊಂದು ಸ್ಪೂಲೂ ಅದರದರ ಬೋರಿಗೆ ಜೊತೆ ಮಾಡಿದ್ದು. ಬಿಚ್ಚುವಾಗ ಯಾವ ತುದಿ ಸ್ಪ್ರಿಂಗ್ ಕಡೆ ಇತ್ತೆಂದು ಗುರುತು ಹಾಕಿ. ತಿರುಗಿಸಿ ಹಾಕಿದರೆ ಕೆಲವು 4/2 ಸ್ಪೂಲುಗಳಲ್ಲಿ ಕರೆಂಟ್ ಇಲ್ಲದಾಗಲೇ ರಾಮ್ ಕೆಳಗೆ ಇಳಿಯುತ್ತದೆ.

ಖಾನಾಪುರ_ಫಿಟ್ಟರ್:

ಎರಡನೇ ತ್ರಾಸಿಗೆ ಅಗ್ಗದ ದಾರಿ ಐತಿ. ಎರಡು ಕಾಯಿಲಿನ, ಡಿಟೆಂಟ್ ಇರೋ 4/2 ಹಾಕ್ರಿ. ಸ್ಪ್ರಿಂಗ್ ಇರಂಗಿಲ್ಲ, ಕರೆಂಟ್ ಹೋದ್ರೂ ಸ್ಪೂಲ್ ಇದ್ದಲ್ಲೇ ನಿಂದರ್ತೈತಿ. ಅದ ಸಬ್‌ಪ್ಲೇಟ್, ಅದ ಬೋಲ್ಟ್.

ವಿಜಯಪುರ_ಪ್ಯಾನೆಲ್:

ಪ್ರೆಸ್ಸಿಗೆ ಡಿಟೆಂಟ್ ಬೇಡ. ಕರೆಂಟ್ ವಾಪಸ್ ಬಂದು ಯಾರಾದರೂ ಮೋಟರ್ ಸ್ಟಾರ್ಟ್ ಒತ್ತಿದರೆ, ಸ್ಪೂಲು ಇನ್ನೂ "ಕೆಳಗೆ" ಸ್ಥಾನದಲ್ಲೇ ಇರುತ್ತದೆ. ಬಟನ್ ಒತ್ತದೆಯೇ ರಾಮ್ ಇಳಿಯುತ್ತದೆ. ಮೋಲ್ಡ್ ಸರಿಮಾಡಲು ಕೈ ಹಾಕಿದವನ ಗತಿ? ಡಿಟೆಂಟ್ ಇರುವುದು, ಕರೆಂಟ್ ಹೋದರೂ ಬಿಡಬಾರದ ಕ್ಲ್ಯಾಂಪಿನಂಥ ಕೆಲಸಕ್ಕೆ.

ಸ್ಪೂಲ್_ಮಚ್ಛೆ:

ಅದು ಸರಿ. ಮೇಲಾಗಿ ಡಿಟೆಂಟ್ ಹಾಕಿದರೂ ಪ್ರೆಶರ್ ನಿಲ್ಲುವುದಿಲ್ಲ. ಪಂಪಿನ ಬಾಯಿಗೆ ನಾನ್ ರಿಟರ್ನ್ ವಾಲ್ವ್ ಇದ್ದರೂ ಸ್ಪೂಲಿನ ಸಂದಿನಿಂದ ಟಿ ಕಡೆ ಜಿನುಗುತ್ತದೆ. 140 ಸಿಸಿ ಹೋದರೆ ಪ್ರೆಶರೇ ಸೊನ್ನೆ, ಅದಕ್ಕೆ ಎಷ್ಟು ಹೊತ್ತು ಬೇಕು? ಸ್ಪೂಲ್ ವಾಲ್ವ್ ದಿಕ್ಕು ತಿರುಗಿಸಲಿಕ್ಕೆ, ಹಿಡಿದಿಡಲಿಕ್ಕೆ ಅಲ್ಲ. ಹಿಡಿಯುವ ಕೆಲಸಕ್ಕೆ ಪಾಪೆಟ್ (ಸೀಟಿನ ಮೇಲೆ ಬಿರಡೆಯಂತೆ ಕೂತು ಮುಚ್ಚುವ ತುಂಡು) ಕೂರುವ ವಾಲ್ವೇ ಬೇಕು.

ನನ್ನ ಸಲಹೆ: ಎನ್‌ಜಿ 10 ಸೈಜಿನ 4/3 ವಾಲ್ವ್, ಎರಡೂ ಕಡೆ ಸ್ಪ್ರಿಂಗ್ ಇದ್ದು ನಡುವೆ ನಿಲ್ಲುವಂಥದ್ದು. ಅದರ ಕೆಳಗೆ ಎ ಲೈನಿಗೆ ಪೈಲಟ್ ಚೆಕ್ ವಾಲ್ವಿನ (ಎಣ್ಣೆಯನ್ನು ಒಂದೇ ಕಡೆ ಬಿಟ್ಟು, ಬಿ ಕಡೆ ಪ್ರೆಶರ್ ಬಂದಾಗ ಮಾತ್ರ ವಾಪಸ್ ಬಿಡುವುದು) ಸ್ಯಾಂಡ್‌ವಿಚ್, ಅಂದರೆ ವಾಲ್ವಿಗೂ ಸಬ್‌ಪ್ಲೇಟಿಗೂ ನಡುವೆ ಕೂರುವ ಬ್ಲಾಕ್. ನಡುವಿನ ಸ್ಥಾನದಲ್ಲಿ ಪಿ, ಎ, ಬಿ, ಟಿ ನಾಲ್ಕೂ ಕೂಡಿರುವ ಎಚ್ ನಮೂನೆಯ ಸ್ಪೂಲ್ ಕೇಳಿ. ಆಗ ಪಂಪಿನ ಎಣ್ಣೆ ಕೆಲವೇ ಬಾರ್‌ನಲ್ಲಿ ಟ್ಯಾಂಕಿಗೆ ಹೋಗುತ್ತದೆ, ಚೆಕ್ ವಾಲ್ವಿನ ಹಿಂದೆ ಪ್ರೆಶರ್ ಉಳಿಯದೆ ಅದು ಗಟ್ಟಿಯಾಗಿ ಕೂರುತ್ತದೆ. ಪಿ-ಟಿ ಮಾತ್ರ ಕೂಡಿ ಎ, ಬಿ ಮುಚ್ಚಿರುವ ಟ್ಯಾಂಡಮ್ ಸ್ಪೂಲ್ ತಂದರೆ ಪಂಪಿನ ಬಿಸಿ ತಪ್ಪುತ್ತದೆ ನಿಜ, ಆದರೆ ಎ, ಬಿ ಲೈನಿನಲ್ಲಿ ಪ್ರೆಶರ್ ಸಿಕ್ಕಿಕೊಂಡು ಚೆಕ್ ವಾಲ್ವ್ ಪೂರ್ತಿ ಮುಚ್ಚದೇ ಇರಬಹುದು.

ಕ್ರಮ ಹೀಗೆ: ಕಾಯಿಲ್ 1 ಆನ್, ರಾಮ್ ಕೆಳಗೆ. 200 ಬಾರ್‌ಗೆ ಪ್ರೆಶರ್ ಸ್ವಿಚ್ ಕೊಟ್ಟ ತಕ್ಷಣ ಕಾಯಿಲ್ ಆಫ್, ಸ್ಪ್ರಿಂಗ್ ಸ್ಪೂಲನ್ನು ನಡುವೆ ತರುತ್ತದೆ, ಚೆಕ್ ವಾಲ್ವ್ ಹಿಡಿಯುತ್ತದೆ. ಪ್ರೆಶರ್ 180ಕ್ಕೆ ಇಳಿದರೆ ಮತ್ತೆ ಕಾಯಿಲ್ 1. ಆ ನಡುವೆ ಕರೆಂಟ್ ಹೋದರೂ ಮಾಲಿನ ಮೇಲಿನ ಒತ್ತಡ ಹೋಗದು. ಸ್ಪೂಲು ಸಹ 200 ಬಾರ್ ಕೆಳಗೆ 10 ನಿಮಿಷ ಕೂರುವುದು ತಪ್ಪಿ, ಕಸ ಕಚ್ಚುವ ಅವಕಾಶವೇ ಇಲ್ಲದಾಗುತ್ತದೆ. ರಿಲೀಫ್ ವಾಲ್ವನ್ನು ಸ್ವಿಚ್ಚಿಗಿಂತ 10-15 ಬಾರ್ ಮೇಲೆ ಇಡಿ, ಅದಕ್ಕೂ ಮುನ್ನ ಸಿಲಿಂಡರಿನ ಪ್ಲೇಟಿನ ಮೇಲೆ ಬರೆದಿರುವ ಮಿತಿ ನೋಡಿಕೊಳ್ಳಿ. ಇಲ್ಲದಿದ್ದರೆ ಸ್ವಿಚ್ ಸೆಟ್ಟಿಂಗನ್ನೇ 185ಕ್ಕೆ ಇಳಿಸಿ.

ಖಾನಾಪುರ_ಫಿಟ್ಟರ್:

ಡಿಟೆಂಟಿನ ಮಾತು ಬಿಡ್ರಿ ಹಂಗಾರ. ಆದ್ರ ಎಚ್ ಸ್ಪೂಲಿನ್ಯಾಗ ಬಿ ಲೈನ್ ಟ್ಯಾಂಕಿಗೆ ಕೂಡ್ತೈತಲ್ಲ? ರಾಮ್ ಮ್ಯಾಲ ನಿಂತಾಗ ಪ್ಲೇಟನ್ (ರಾಮಿಗೆ ಕೂಡಿದ ಒತ್ತೋ ತಟ್ಟಿ) ತೂಕಕ್ಕ ತಾನ ಕೆಳಗ ಜಾರ್ತೈತಿ.

ಸ್ಪೂಲ್_ಮಚ್ಛೆ:

ಜಾರುತ್ತದೆ, ಸರಿಯಾದ ಜಾಗ ಹಿಡಿದಿರಿ. ಬಿ ಲೈನಿಗೆ ಕೌಂಟರ್‌ಬ್ಯಾಲೆನ್ಸ್ ವಾಲ್ವ್ (ತೂಕಕ್ಕೆ ತಾನಾಗಿ ಇಳಿಯದಂತೆ ತಡೆಯುವುದು) ಇಲ್ಲದೆ ಎಚ್ ಸ್ಪೂಲ್ ಹಾಕಲೇಬಾರದು. ಅದನ್ನು ಹೋಸಿನ ಈಚೆ ಅಲ್ಲ, ಸಿಲಿಂಡರಿನ ಬಾಯಿಗೇ ಕೂರಿಸಿ. ಹೋಸ್ ಹರಿದರೂ ಪ್ಲೇಟನ್ ನಿಲ್ಲಬೇಕು. ಸೆಟ್ಟಿಂಗ್: ಪ್ಲೇಟನ್, ರಾಡ್, ಮೇಲಿನ ಮೋಲ್ಡ್ ಸೇರಿ 800 ಕೆ.ಜಿ. ಅಂದುಕೊಳ್ಳಿ, 106ರಿಂದ ಭಾಗಿಸಿದರೆ 7.5 ಬಾರ್. ಅದಕ್ಕೆ ಶೇ. 30 ಸೇರಿಸಿ 10 ಬಾರ್. ತೀರಾ ಹೆಚ್ಚಿಟ್ಟರೆ ಇಳಿಯುವಾಗ ನಡುಗುತ್ತದೆ, ಬಿಸಿಯೂ ಆಗುತ್ತದೆ. ಈಗಿನ 4/2ರಲ್ಲೂ ಈ ವಾಲ್ವ್ ಇಲ್ಲದಿದ್ದರೆ, ಮೋಟರ್ ಬಂದ್ ಮಾಡಿ ಮನೆಗೆ ಹೋದ ಮೇಲೆ ಪ್ಲೇಟನ್ ನಿಧಾನಕ್ಕೆ ಇಳಿಯುತ್ತಿರಬೇಕು, ಗಮನಿಸಿ. ರಿಪೇರಿಗೆ ಕೈಹಾಕುವಾಗ ಯಾವ ವಾಲ್ವನ್ನೂ ನಂಬದೆ ಪ್ಲೇಟನ್ ಕೆಳಗೆ ಉಕ್ಕಿನ ಆಸರೆ ಕೊಡಿ.

ಎ ಲೈನಿನ ಚೆಕ್ ವಾಲ್ವಿನಲ್ಲಿ ಒಳಗೆ ಸಣ್ಣ ಪಾಪೆಟ್ ಇರುವ, ಮೊದಲು ಪ್ರೆಶರ್ ಇಳಿಸಿ ಆಮೇಲೆ ಪೂರ್ತಿ ತೆರೆಯುವ ನಮೂನೆಯೇ ಬೇಕು. ಸಾದಾ ನಮೂನೆಯಾದರೆ ಆ "ಢಬ್" ಹಾಗೇ ಉಳಿಯುತ್ತದೆ, ತೆರೆಯಲಿಕ್ಕೂ ಬಿ ಕಡೆ ಹೆಚ್ಚು ಪ್ರೆಶರ್ ಬೇಕಾಗುತ್ತದೆ.

ಮತ್ತೆ ಒಂದು ಎಚ್ಚರಿಕೆ. ಇನ್ನು ಮೇಲೆ ಮೋಟರ್ ಬಂದ್ ಇದ್ದರೂ ಸಿಲಿಂಡರಿನಲ್ಲಿ 200 ಬಾರ್ ಇರುತ್ತದೆ. ಚೆಕ್ ವಾಲ್ವಿಗೂ ಸಿಲಿಂಡರಿಗೂ ನಡುವೆ ಗೇಜ್ ಮತ್ತು ಟ್ಯಾಂಕಿಗೆ ಹೋಗುವ ನೀಡಲ್ ವಾಲ್ವ್ ಹಾಕಿಸಿ. ಪ್ರೆಶರ್ ಸ್ವಿಚ್ಚಿನ ಟ್ಯಾಪಿಂಗೂ ಅಲ್ಲಿಂದಲೇ. ವಾಲ್ವಿನ ಕಡೆಯಿಂದ ಕೊಟ್ಟರೆ ಸ್ಪೂಲು ನಡುವೆ ಬಂದ ಕೂಡಲೇ ಸ್ವಿಚ್ ಸೊನ್ನೆ ನೋಡಿ ಕಾಯಿಲನ್ನು ಟಕಟಕ ಆನ್-ಆಫ್ ಮಾಡುತ್ತದೆ.

ಮುಧೋಳ_ಶುಗರ್:

ನಡುವ ಬಾಯಿ ಹಾಕಾಕತ್ತೀನಿ. ಕಬ್ಬಿನ ಟಿಪ್ಲರಿನ್ಯಾಗ (ಕಬ್ಬಿನ ಗಾಡಿ ಎತ್ತಿ ಸುರಿಯೋ ಮಷಿನ್) ಎನ್‌ಜಿ 16 ಪೈಲಟ್ ವಾಲ್ವ್ (ಚಿಕ್ಕ ವಾಲ್ವಿನ ಎಣ್ಣಿ ಪ್ರೆಶರಿನಿಂದ ದೊಡ್ಡ ಸ್ಪೂಲ್ ಸರಿಯೋದು) ಐತಿ, ಟ್ಯಾಂಡಮ್ ಸ್ಪೂಲ್, ಪೈಲಟ್ ಒಳಗಿಂದ. ಕಾಯಿಲ್ ಆನ್ ಆಗ್ತೈತಿ, ಪಿನ್ ಒತ್ತಿದ್ರೂ ಏನೂ ಹಂದಾಡಂಗಿಲ್ಲ. ಗೇಜ್ 1-2 ಬಾರ್ ತೋರಸ್ತೈತಿ. ಇದೂ ಕಸಾನ?

ಸ್ಪೂಲ್_ಮಚ್ಛೆ:

ಅಲ್ಲ. ಮೇಲಿನ ಚಿಕ್ಕ ವಾಲ್ವ್ ಸರಿಯಿದ್ದರೂ, ಕೆಳಗಿನ ದೊಡ್ಡ ಸ್ಪೂಲನ್ನು ಅದರ ಸ್ಪ್ರಿಂಗಿನ ವಿರುದ್ಧ ತಳ್ಳಲು ಸಾಮಾನ್ಯವಾಗಿ 5 ಬಾರ್ ಆಸುಪಾಸು ಪೈಲಟ್ ಪ್ರೆಶರ್ ಬೇಕು. ಟ್ಯಾಂಡಮ್ ಸ್ಪೂಲ್ ನಡುವಿದ್ದಾಗ ಪಿ ನೇರ ಟಿಗೆ ತೆರೆದು ಅಷ್ಟು ಪ್ರೆಶರ್ ಹುಟ್ಟುವುದೇ ಇಲ್ಲ. ಅದಕ್ಕೆಂದೇ ಪಿ ಬಾಯಿಯಲ್ಲಿ ಅಥವಾ ಟಿ ಲೈನಿನಲ್ಲಿ ಸುಮಾರು 4.5 ಬಾರ್‌ಗೆ ತೆರೆಯುವ ಸ್ಪ್ರಿಂಗ್ ಚೆಕ್ ವಾಲ್ವ್ ಇರುತ್ತದೆ. ಅದರ ಸ್ಪ್ರಿಂಗ್ ಮುರಿದಿರಬೇಕು, ಅಥವಾ ಯಾರೋ ಬಿಚ್ಚಿದಾಗ ವಾಪಸ್ ಹಾಕಿಲ್ಲ. ಟಿ ಲೈನಿನಲ್ಲಿದ್ದರೆ ಪೈಲಟ್ ಡ್ರೇನನ್ನು ಬೇರೆಯಾಗಿ ಟ್ಯಾಂಕಿಗೆ ಒಯ್ದಿರಬೇಕು. ಒಳಗಿನ ಡ್ರೇನ್ ಆದರೆ ಎರಡೂ ಕಡೆ ಅಷ್ಟೇ ಪ್ರೆಶರ್ ಆಗಿ ಸ್ಪೂಲು ಕದಲದು. ಮುರಿದ ಸ್ಪ್ರಿಂಗಿನ ತುಂಡು ಸಿಗುವವರೆಗೆ ಪಂಪ್ ಚಾಲೂ ಮಾಡಬೇಡಿ.

ಮುಧೋಳ_ಶುಗರ್:

ಪಿ ಬಾಯಿಯಾಗ ಕಾರ್ಟ್ರಿಜ್ ಐತಿ, ಸ್ಪ್ರಿಂಗ್ ಎರಡು ತುಂಡು. ಎರಡೂ ಸಿಕ್ವು.

ಉದ್ಯಮಬಾಗ್_ರಬ್ಬರ್:

ಎನ್‌ಜಿ 10, ಎಚ್ ಸ್ಪೂಲ್, ಚೆಕ್ ಸ್ಯಾಂಡ್‌ವಿಚ್, ಸಿಲಿಂಡರಿಗೆ ಕೌಂಟರ್‌ಬ್ಯಾಲೆನ್ಸ್, 100 ಲೀಟರ್ ಫಿಲ್ಟರ್. ಎಣ್ಣಿ 68 ಬಿಟ್ಟು 46ಕ್ಕ ಹೋಗ್ಬೇಕೇನು? ಬೋಲ್ಟ್ ಯಾವ ಉದ್ದದ್ದು?

ಸ್ಪೂಲ್_ಮಚ್ಛೆ:

ಬಿಸಿಯ ಮೂಲ ಹೋದ ಮೇಲೆ ಬೆಳಗಾವಿಗೆ 46 ಸಾಕು, ನಿಮ್ಮ ಪಂಪಿನ ಕ್ಯಾಟಲಾಗ್ ಒಪ್ಪಿದರೆ. ಚಳಿಗಾಲದ ಬೆಳಿಗ್ಗೆ 15 ಡಿಗ್ರಿಯಲ್ಲಿ 68 ನಂಬರ್ ಎಣ್ಣೆಯ ವಿಸ್ಕಾಸಿಟಿ 250 ಸೆಂಟಿಸ್ಟೋಕ್ಸ್ ದಾಟುತ್ತದೆ, ಸ್ಪೂಲೂ ನಿಧಾನ, ಪಂಪಿಗೂ ಎಳೆಯುವುದು ಕಷ್ಟ. ವಿಜಯಪುರ, ಬಾಗಲಕೋಟೆಯ ಬೇಸಿಗೆಗೆ ಕೂಲರ್ ಇಲ್ಲದ ಮಷಿನ್ ಆದರೆ 68 ಇರಲಿ.

ಬೋಲ್ಟ್ ಎಂ6, 10.9 ಗ್ರೇಡ್, 12ರಿಂದ 15 ನ್ಯೂಟನ್ ಮೀಟರ್. ವಾಲ್ವಿನ ಜೊತೆ ಬರುವುದಕ್ಕಿಂತ ಸ್ಯಾಂಡ್‌ವಿಚ್ಚಿನ ದಪ್ಪದಷ್ಟು ಉದ್ದ ಹೆಚ್ಚು ಬೇಕು. ಎನ್‌ಜಿ 10ಕ್ಕೆ ಸಾಮಾನ್ಯವಾಗಿ 50 ಮಿ.ಮೀ., ನೀವು ತಂದ ಸ್ಯಾಂಡ್‌ವಿಚ್ಚನ್ನು ಅಳೆದೇ ಬೋಲ್ಟ್ ತನ್ನಿ. ತಳ ಮುಟ್ಟುವಷ್ಟು ಉದ್ದವಾದರೆ ಬಿಗಿಯಾದಂತೆ ಅನಿಸಿ ಒ-ರಿಂಗ್ ಕೂರುವುದಿಲ್ಲ, ಮೊದಲ ಪ್ರೆಶರಿಗೇ ಹಾರಿಹೋಗುತ್ತದೆ.